ಖಾಲಾ ಒಪ್ಪಿಸಿ ಹೋದ ಆಮೆ

ನಮ್ಮ ಶಾಲೆಯ ಮಕ್ಕಳು ಅವರನ್ನು ಬೆನ್ನ ಹಿಂದೆ ‘ಆಮೆ ಮೇಡಂ’ ಎನ್ನುತ್ತಿದ್ದರು. ಈಚೆಗೆ ಸೇರಿದ ಮಕ್ಕಳು, ಪಾಠ ನಿಧಾನವಾಗಿ ಮಾಡುತ್ತಾರೆ, ಅದಕ್ಕೇ ಆ ಹೆಸರು ಬಂದಿದೆ ಅಂದುಕೊಂಡಿದ್ದರು. ನಿಜ ಹೇಳಬೇಕೆಂದರೆ ಅವರಷ್ಟು ಬಿರಬಿರನೆ ನಡೆಯುವವರು, ಅವರಷ್ಟು ಚಕಚಕನೆ ಲೆಕ್ಕ ಬಿಡಿಸುವವರು ನಮ್ಮ ಸ್ಟಾಫಿನಲ್ಲಿ ಇನ್ನೊಬ್ಬರಿರಲಿಲ್ಲ. ಕಳೆದ ತಿಂಗಳು ಅವರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಒಬ್ಬೊಬ್ಬರೂ ಎದ್ದು ಗಣಿತದ ಫಲಿತಾಂಶದ ಬಗ್ಗೆ, ಶಿಸ್ತಿನ ಬಗ್ಗೆ ಮಾತಾಡಿದರು. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಅವರ ಸರದಿ ಬಂದಾಗ ಮೈಕಿನ ಮುಂದೆ ನಿಂತು, ಮಕ್ಕಳಿಗೆ ಹಸಿವಾಗಿದೆ, ಊಟಕ್ಕೆ ಬಿಡಿ ಎಂದು ಹೇಳಿ ಇಳಿದುಬಂದರು. ಆಮೆಯ ವಿಷಯ ಯಾರೂ ಎತ್ತಲಿಲ್ಲ. ವೇದಿಕೆಗೆ ತಕ್ಕ ಮಾತಲ್ಲ ಅನ್ನಿಸಿರಬೇಕು. ನನಗೆ ಮಾತ್ರ ಅವರೆಂದರೆ ಮೊದಲು ನೆನಪಾಗುವುದು ಅದೇ.

ಅವರು ಹುಲಿಕುಂಟೆ ಕಡೆಯ ಬೇಸಾಯದ ಮನೆಯವರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ ‘ಆಗ್ಲಿಲ್ಲ’ ಎಂದಷ್ಟೇ ಹೇಳುತ್ತಿದ್ದರು. ಆ ಒಂದು ಪದದ ಮುಂದೆ ಇನ್ನೊಂದು ಪ್ರಶ್ನೆ ಹಾಕುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಶಿರಾದಲ್ಲಿ ಬಾಡಿಗೆ ಮನೆ ಮಾಡಿಕೊಂಡು, ತಾಯಿಯನ್ನು ಜೊತೆಯಲ್ಲಿಟ್ಟುಕೊಂಡು, ದಿನಾ ಬರಗೂರು ಕಡೆಯ ನಮ್ಮ ಹೈಸ್ಕೂಲಿಗೆ ಬಸ್ಸಿನಲ್ಲಿ ಬರುತ್ತಿದ್ದರು. ನಾನು ಅದೇ ಬಸ್ಸಿನಲ್ಲಿ ಬರುವ ಕನ್ನಡ ಟೀಚರು. ಹದಿನೈದು ವರ್ಷ ಅವರ ಪಕ್ಕದ ಸೀಟಿನಲ್ಲಿ ಕೂತಿದ್ದೇನೆ.

‘ನೋಡಾಣ’ ಎನ್ನುವ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ಹೂಂ ಅನ್ನಬೇಕು, ಇಲ್ಲ ಉಹೂಂ ಅನ್ನಬೇಕು. ಹೆಡ್‌ಮಾಸ್ಟರು ಯಾವುದೋ ಕೆಲಸಕ್ಕೆ ನೋಡೋಣ ಮೇಡಂ ಎಂದರೆ, “ಆಗಲ್ಲ ಅನ್ನಿ ಸಾರ್, ನಾನು ಬೇರೆ ದಾರಿ ನೋಡ್ಕತೀನಿ” ಎನ್ನುತ್ತಿದ್ದರು. ಒಂದು ರಾಜ್ಯೋತ್ಸವಕ್ಕೆ ನಾನು ಬರೆದ ಪದ್ಯ ಓದಿ, ಹೇಗಿತ್ತು ಎಂದು ಆಸೆಯಿಂದ ಕೇಳಿದ್ದೆ. “ಉದ್ದ ಆಯ್ತು” ಎಂದರು. ಎರಡು ದಿನ ನಾನು ಬೇರೆ ಸೀಟಿನಲ್ಲಿ ಕೂತೆ. ಮೂರನೇ ದಿನ ಅವರ ಪಕ್ಕವೇ ಕೂತು ಮತ್ತೆ ಓದಿ ನೋಡಿದರೆ ಪದ್ಯ ಉದ್ದವಾಗಿಯೇ ಇತ್ತು.

ಒಮ್ಮೆ ಒಬ್ಬ ತಾಯಿ ಬಂದು, ನನ್ನ ಮಗಳು ಹತ್ತನೇ ಕ್ಲಾಸ್ ಪಾಸಾಗ್ತಾಳಾ ಎಂದು ಕೇಳಿದಳು. ನಾವೆಲ್ಲ ಆಗ್ತಾಳೆ ಬಿಡಮ್ಮ ಎನ್ನುವವರು. ಇವರು, ಈಗಿರೋ ಹಾಗಿದ್ದರೆ ಆಗಲ್ಲ ಎಂದುಬಿಟ್ಟರು. ಆ ಹೆಂಗಸು ಕಣ್ಣೀರು ಹಾಕಿಕೊಂಡಳು. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುವವರೆಗೆ ಕಾದು, ಮೇಡಂ ಬೆಳಿಗ್ಗೆ ಬೇಗ ಕಳಿಸು, ನಾನೂ ಬೇಗ ಬರ್ತೀನಿ ಎಂದರು. ಆ ವರ್ಷವೆಲ್ಲ ಮೊದಲ ಬಸ್ಸಿಗೇ ಬಂದರು. ಹುಡುಗಿ ಪಾಸಾದಳು. ಅವರ ನಿಜ ಮೊದಲು ಚುಚ್ಚುತ್ತಿತ್ತು. ಚುಚ್ಚಿದ ಮೇಲೆ ಅವರು ಅಲ್ಲಿಂದ ಎದ್ದು ಹೋಗುತ್ತಿರಲಿಲ್ಲ. ಇದು ನನಗೆ ಅರ್ಥವಾಗಲು ಬಹಳ ಕಾಲ ಬೇಕಾಯಿತು.

ಅವರ ಮನೆಯ ಎದುರಿಗೆ, ಗಲ್ಲಿಯ ಆಚೆ, ಒಬ್ಬ ವಯಸ್ಸಾದ ಮುಸ್ಲಿಂ ಹೆಂಗಸು ಇದ್ದರು. ರವಿಕೆ ಹೊಲಿದು ಮಕ್ಕಳನ್ನು ಸಾಕಿದವರು. ಗಲ್ಲಿಗೆಲ್ಲ ಅವರು ಖಾಲಾ, ಚಿಕ್ಕಮ್ಮ. ಖಾಲಾರ ಗಂಡ ಲಾರಿ ಓಡಿಸುತ್ತಿದ್ದಾಗ ಯಾವುದೋ ಊರಿನ ಮೀನಿನ ಅಂಗಡಿಯಿಂದ ಒಂದು ಆಮೆಮರಿ ತಂದಿದ್ದರಂತೆ. ಕಣ್ಣಿನ ಪಕ್ಕ ಕೆಂಪು ಪಟ್ಟೆ ಇರುವ ನೀರಾಮೆ. ತಂದಾಗ ರೂಪಾಯಿ ನಾಣ್ಯದಷ್ಟಿತ್ತು. ಗಂಡ ತೀರಿಹೋದರು, ಆಮೆ ಊಟದ ತಟ್ಟೆಯಷ್ಟು ಬೆಳೆಯಿತು. ಖಾಲಾ ಅದಕ್ಕೆ ನವಾಬ್ ಎಂದು ಹೆಸರಿಟ್ಟು, ಟಬ್ಬಿನ ಪಕ್ಕ ಮಣೆ ಹಾಕಿಕೊಂಡು, ದಿನದ ಸುಖದುಃಖವನ್ನೆಲ್ಲ ಅದಕ್ಕೆ ಒಪ್ಪಿಸುತ್ತಿದ್ದರು.

ಒಂದೆರಡು ವರ್ಷದ ಹಿಂದೆ ಮಗ ಅವರನ್ನು ಹಜ್ಜಿಗೆ ಕರೆದುಕೊಂಡು ಹೊರಟ. ಹೊರಡುವ ಮುಂಚೆ ಖಾಲಾ ಟಬ್ ಎತ್ತಿಕೊಂಡು ಗಲ್ಲಿ ದಾಟಿ ಬಂದರು. ನಮ್ಮವರಲ್ಲೇ ಯಾರ ಹತ್ತಿರವಾದರೂ ಬಿಡಬಹುದು, ಆದರೆ ನಿನ್ನ ಹತ್ತಿರವೇ ಬಿಡಬೇಕು ಅನ್ನಿಸಿತು ಎಂದರಂತೆ. “ಇವ್ನು ಅಮಾನತ್ ಬೇಟಿ” ಎಂದು ಟಬ್ ಕೆಳಗಿಟ್ಟರು. ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು, ಹಾಗೆಯೇ ಹಿಂದಕ್ಕೆ ಕೊಡಬೇಕಾದದ್ದು. ಮೇಡಂ ಹೂಂ ಎಂದರು.

ಅವರಿಗೆ ಆಮೆಯ ಮೇಲೆ ಪ್ರೀತಿಯೇನೂ ಇರಲಿಲ್ಲ. ಅದರ ಮೈಯ ವಾಸನೆ ಆಗುತ್ತಿರಲಿಲ್ಲ. ಮೊಟ್ಟೆಯನ್ನೂ ತರದ ಮನೆ ಅವರದು. ತಾಯಿಗಂತೂ ಮನೆಯೊಳಗೆ ಆಮೆ ಕಾಲಿಡುವುದೇ ಅನಿಷ್ಟ. ಮೂರು ಹೊತ್ತೂ ಗೊಣಗಿದರು. ಇದನ್ನು ಆಚೆ ಹಾಕದಿದ್ದರೆ ಊರಿಗೆ, ಸಣ್ಣ ಮಗನ ಮನೆಗೆ ಹೋಗುತ್ತೇನೆ ಎಂದು ಚೀಲ ತುಂಬಿ ಬಾಗಿಲಲ್ಲಿಟ್ಟರು. ಮಗಳು, ಹೂಂ ಅಂದಾಗಿದೆ ಎಂದು ಹೇಳಿ, ಟಬ್ಬನ್ನು ತಾರಸಿಯ ಮೇಲಿನ ಕೋಣೆಗೆ ಸಾಗಿಸಿದರು. ತಾಯಿ ಊರಿಗೆ ಹೋಗಲಿಲ್ಲ. ಚೀಲ ಮಾತ್ರ ಬಾಗಿಲಲ್ಲೇ ಇತ್ತು.

ಖಾಲಾ ಹೋದ ಮಾರನೆಯ ದಿನದಿಂದ ಆಮೆ ತಿನ್ನುವುದನ್ನು ಬಿಟ್ಟಿತು. ಖಾಲಾ ಒಂದು ಡಬ್ಬಿ ತುಂಬ ಕಡ್ಲೆಪುರಿ ಕೊಟ್ಟು ಹೋಗಿದ್ದರು. ಪುರಿ ನೀರಿನಲ್ಲಿ ನೆನೆದು ಉಬ್ಬಿ ತೇಲುತ್ತಿತ್ತೇ ಹೊರತು ಆಮೆ ಮೂಸಿಯೂ ನೋಡುತ್ತಿರಲಿಲ್ಲ. ಒಡತಿ ಹೋದ ಕೊರಗು, ಎರಡು ದಿನ ಕಳೆದರೆ ಸರಿಹೋಗುತ್ತದೆ ಎಂದು ಗಲ್ಲಿಯವರು ಹೇಳಿದರು. ವಾರವಾದರೂ ಸರಿಹೋಗಲಿಲ್ಲ. ಕಣ್ಣಿನ ರೆಪ್ಪೆಗಳು ಊದಿಕೊಂಡು ಮುಚ್ಚಿಹೋದವು. ಕತ್ತು ಚಿಪ್ಪಿನಿಂದ ಆಚೆ ಬರುವುದೇ ಅಪರೂಪವಾಯಿತು. ಆಷಾಢಕ್ಕೆ ಮುಂಚೆಯೇ ಗಾಳಿ ಶುರುವಾಗಿತ್ತು. ಮೋಡ ಕವಿದು ಬಿಸಿಲೇ ಇರಲಿಲ್ಲ.

ಒಂದು ಬೆಳಿಗ್ಗೆ ಬಸ್ಸಿನಲ್ಲಿ ಅವರೇ ಮಾತು ತೆಗೆದರು. ಸಂಜೆ ಪಶು ಆಸ್ಪತ್ರೆಗೆ ಜೊತೆಗೆ ಬರುತ್ತೀರಾ ಎಂದು ಕೇಳಿದರು. ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಆಸ್ಪತ್ರೆಯ ಅಂಗಳದಲ್ಲಿ ಕುರಿಗಳು, ಕುರಿ ತಂದವರು, ಒಂದು ಕಾಲು ಮುರಿದ ಕರು. ನಡುವೆ ನಾವು ಪ್ಲಾಸ್ಟಿಕ್ ಟಬ್ ಹಿಡಿದು ಕೂತೆವು. ಟಬ್ಬಿಗೆ ಹೊದಿಸಿದ್ದ ಟವೆಲ್ ಸರಿಸಿ ನೋಡಿದವರೆಲ್ಲ ನಕ್ಕರು. ಒಬ್ಬ ಯಜಮಾನ, ಕೆರೆಗೆ ಬುಟ್ಬುಡಿ ಮೇಡಂ, ಅದರ ಪಾಡು ಅದು ನೋಡ್ಕಂತದೆ ಎಂದ. ಇವರು, “ನಂದಲ್ಲ ಯಜಮಾನ್ರೆ, ನಂದಾಗಿದ್ರೆ ಯೋಚನೆ ಮಾಡ್ಬೋದಿತ್ತು” ಎಂದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಆಮೆಯನ್ನು ಹಿಂದೆಮುಂದೆ ತಿರುಗಿಸಿ ನೋಡಿ, ಕುರಿ ದನ ನಾಯಿ ನೋಡಿದ್ದೇನೆ, ಆಮೆಗೆ ಔಷಧಿ ಕೊಟ್ಟವಳಲ್ಲ ಎಂದು ಒಪ್ಪಿಕೊಂಡರು. ಮೇಡಂ ಮುಖ ಸಡಿಲವಾದದ್ದನ್ನು ನಾನು ಆಗ ನೋಡಿದೆ. ಗೊತ್ತಿಲ್ಲ ಎನ್ನುವವರನ್ನು ಕಂಡರೆ ಅವರಿಗೆ ನಂಬಿಕೆ ಹುಟ್ಟುತ್ತಿತ್ತು. ಡಾಕ್ಟರು ಅಲ್ಲಿಂದಲೇ ಬೆಂಗಳೂರಿನ ತಮ್ಮ ಕ್ಲಾಸ್‌ಮೇಟ್ ಒಬ್ಬರಿಗೆ ವಿಡಿಯೋ ಕಳಿಸಿದರು. ಇಂಥ ಪ್ರಾಣಿಗಳನ್ನೇ ನೋಡುವವರಂತೆ. ಅವರು ಫೋನಿನಲ್ಲಿ ಬಿಡಿಸಿ ಹೇಳಿದರು. ಕೊರಗು ಗಿರಗು ಏನಿಲ್ಲ, ವರ್ಷಾನುಗಟ್ಟಲೆ ಬರೀ ಪುರಿ ತಿಂದು ವಿಟಮಿನ್ ಕಮ್ಮಿಯಾಗಿದೆ. ಬಿಸಿಲು ಕಂಡಿಲ್ಲ. ಕಣ್ಣು ಕಾಣದ ಆಮೆ ತಿನ್ನುವುದಿಲ್ಲ. ಇಂಜೆಕ್ಷನ್ ಕೊಡಿ, ದಿನಾ ಬೆಚ್ಚಗಿನ ನೀರಿನಲ್ಲಿಡಿ, ಬಿಸಿಲು ಬಿದ್ದಾಗಲೆಲ್ಲ ಬಿಸಿಲಿಗೆ ಹಿಡಿಯಿರಿ, ಹೊತ್ತುಹೊತ್ತಿಗೆ ಕಣ್ಣಿಗೆ ಔಷಧಿ ಬಿಡಿ. ಬಾಯಿ ಬಲವಂತವಾಗಿ ಬಿಡಿಸಬೇಡಿ. ಮುಂದಕ್ಕೆ ಸೊಪ್ಪು, ಕ್ಯಾರೆಟ್, ಕೋಳಿಯ ಈಲಿ ಅಂದರೆ ಲಿವರು, ಹುಳ ಕೊಡಿ. ಕೊನೆಗೆ ಇನ್ನೊಂದು ಮಾತು ಹೇಳಿದರು. ಇದು ನವಾಬನಲ್ಲ, ಹೆಣ್ಣು.

ಮಾರನೆಯ ದಿನ ಮೇಡಂ ಆಮೆಯನ್ನು ಶಾಲೆಗೇ ತಂದರು. ತಾಯಿ ಮುಟ್ಟುವುದಿಲ್ಲ, ತಾರಸಿಯ ಮೇಲೆ ಒಂಟಿಯಾಗಿ ಬಿಟ್ಟರೆ ಕಾಗೆಯೋ ಕೋತಿಯೋ ಬಿಡುವುದಿಲ್ಲ. ಬಸ್ಸಿನಲ್ಲಿ ಕಂಡಕ್ಟರು ಟವೆಲ್ಲಿನೊಳಗೆ ಇಣುಕಿ, “ಹೆಣ್ಣಾದ್ರೆ ಫ್ರೀ ಮೇಡಂ, ಗಂಡಾದ್ರೆ ಟಿಕೆಟ್ ತಗಬೇಕು” ಎಂದು ತಮಾಷೆ ಮಾಡಿದ. ಇವರು ಗಂಭೀರವಾಗಿ, “ಹೆಣ್ಣೇ. ಡಾಕ್ಟ್ರು ಹೇಳವ್ರೆ” ಎಂದರು. ಬಸ್ಸೆಲ್ಲ ನಕ್ಕಿತು. ಅವರು ಕಿಟಕಿಯ ಕಡೆಯ ಗಾಳಿಗೆ ಅಡ್ಡವಾಗಿ ತಮ್ಮ ಮೈ ತಿರುಗಿಸಿಕೊಂಡು, ಟಬ್ಬನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದು ಕೂತಿದ್ದರು.

ಹೆಡ್‌ಮಾಸ್ಟರು ಮೊದಲು ಒಪ್ಪಲಿಲ್ಲ. ಊರಿನವರು ಏನಂದಾರು, ಶಾಲೆಯೊಳಗೆ ಆಮೆ ಎಂದರೆ ಶುಭವಲ್ಲ ಅನ್ನುವವರಿದ್ದಾರೆ ಎಂದರು. ಪಾಠ ತಪ್ಪಿದರೆ ಕೇಳಿ ಸಾರ್, ಅಂದಿನಿಂದಲೇ ನಿಲ್ಲಿಸುತ್ತೇನೆ ಎಂದು ಮೇಡಂ ಹೇಳಿದರು. ಪಾಠ ಒಂದು ದಿನವೂ ತಪ್ಪಲಿಲ್ಲ. ಸ್ಟಾಫ್‌ರೂಮಿನ ಹೊರಗೆ ಬಿಸಿಲು ಬೀಳುವ ಕಟ್ಟೆಯ ಮೇಲೆ ಟಬ್ ಇರುತ್ತಿತ್ತು. ಪೀರಿಯಡ್ಡಿಗೂ ಪೀರಿಯಡ್ಡಿಗೂ ನಡುವೆ ಬಂದು ಕಣ್ಣಿಗೆ ಔಷಧಿ ಬಿಟ್ಟು, ಬಿಸಿಲು ಸರಿದರೆ ಟಬ್ಬನ್ನೂ ಸರಿಸಿ, ಬಿಸಿಯೂಟದ ಅಡುಗೆಯವರ ಹತ್ತಿರ ಬಿಸಿನೀರು ಕೇಳಿ ತಂದು, ಮೊಣಕೈ ಅದ್ದಿ ಹದ ನೋಡಿ ಸುರಿಯುತ್ತಿದ್ದರು. ಮುದ್ದಿನ ಮಾತು ಒಂದೂ ಇಲ್ಲ. ಉತ್ತರಪತ್ರಿಕೆ ತಿದ್ದುವಾಗಿನ ಮುಖವೇ.

ತಿನ್ನಿಸಲು ಅವರು ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ. ಒಂದು ಸಂಜೆ ಶಿರಾದ ಕೋಳಿ ಅಂಗಡಿಯ ಮುಂದೆ ನಿಂತು, ಸೆರಗನ್ನು ಮೂಗಿಗೆ ಒತ್ತಿಕೊಂಡು, ಸ್ವಲ್ಪ ಈಲಿ ಕೇಳಿದರು. ಅವರ ಶಿಷ್ಯನಾಗಿದ್ದ ಅಂಗಡಿಯವನಿಗೆ ಗಾಬರಿಯಾಯಿತು. ತಾರಸಿಯ ಮೇಲೆ ಬೇರೆ ಸ್ಟೌ ಇಟ್ಟು ಅದನ್ನು ಬೇಯಿಸಿ, ಇಕ್ಕಳದಲ್ಲಿ ಹಿಡಿದು ಆಮೆಯ ಮೂಗಿನ ಮುಂದೆ ಆಡಿಸುವರು. ಅದು ಮುಖ ಒಳಕ್ಕೆ ಎಳೆದುಕೊಳ್ಳುವುದು. ಕ್ಯಾರೆಟ್ ತುರಿ, ನುಗ್ಗೆಸೊಪ್ಪು, ದಾಸವಾಳದ ಎಸಳು ಎಲ್ಲದಕ್ಕೂ ಅದೇ ಉತ್ತರ. ಅವರು ಸೊರಗಿಹೋದರು. ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋಗುತ್ತಿದ್ದರು.

ಹೀಗಿರುವಾಗ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಖಾಲಾರ ಫೋನು ಬಂತು. ಮಕ್ಕಾದಿಂದ. ಅಷ್ಟು ದಿನ ಮಗ ಫೋನು ಕೊಟ್ಟಿರಲಿಲ್ಲವಂತೆ. ಸ್ಟಾಫ್‌ರೂಮಿನಲ್ಲಿ ಸಿಗ್ನಲ್ ಸಾಲದೆ ಮೇಡಂ ಸ್ಪೀಕರಿಗೆ ಹಾಕಿದರು. ನಮಗೆಲ್ಲ ಕೇಳುತ್ತಿತ್ತು. ಎಲ್ಲರ ಯೋಗಕ್ಷೇಮ ಕೇಳಿದ ಮೇಲೆ ಮುದುಕಿಯ ದನಿ ಸಣ್ಣದಾಯಿತು.

“ಬೇಟಿ, ನವಾಬ್ ತಿಂದ್ನಾ?”

ಊಟದ ಡಬ್ಬಿಗಳ ಸದ್ದು ನಿಂತಿತು. ಹೆಡ್‌ಮಾಸ್ಟರು ಹೂಂ ಅನ್ನಿ ಎಂಬಂತೆ ಕತ್ತು ಆಡಿಸಿದರು.

“ಇಲ್ಲ ಖಾಲಾ” ಎಂದರು ಮೇಡಂ. “ನೀವು ಹೋದಾಗ್ಲಿಂದ ತಿಂದಿಲ್ಲ. ಕಣ್ಣು ಊದ್ಕಂಡೈತೆ. ಡಾಕ್ಟ್ರಿಗೆ ತೋರಿಸ್ತಾ ಇದೀನಿ. ಉಳಿಯುತ್ತೆ ಅಂತ ಹೇಳಕ್ಕಾಗಲ್ಲ. ನಾನು ಕೈ ಬಿಟ್ಟಿಲ್ಲ ಅಂತ ಹೇಳ್ಬೋದು.”

ಆ ಕಡೆಯಿಂದ ಅಳು ಕೇಳಿಸಿತು. ಆಮೇಲೆ ಮಗ ಫೋನು ಕಸಿದುಕೊಂಡ. ಹಜ್ಜಿಗೆ ಬಂದವರಿಗೆ ಹೇಳುವ ಸುದ್ದಿಯಾ ಇದು, ತಿಂತಾ ಇದೆ ಅಂದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು, ಓದಿದವರು ಇಷ್ಟೂ ತಿಳಿಯುವುದಿಲ್ಲವೇ ಎಂದು ಕೂಗಾಡಿದ. ಮೇಡಂ ಪೂರ್ತಿ ಕೇಳಿಸಿಕೊಂಡು, ಅವರು ಕೇಳಿದರು, ಹೇಳಿದೆ ಎಂದರು. ಫೋನು ಕಟ್ಟಾಯಿತು. ನನಗೂ ತಡೆಯಲಾಗಲಿಲ್ಲ. ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತಲ್ಲ ಮೇಡಂ ಎಂದೆ.

“ನಾಳೆನೂ ಕೇಳ್ತಾರೆ, ನಾಳಿದ್ದೂ ಕೇಳ್ತಾರೆ. ಎಷ್ಟು ದಿನ ಅಂತ ಫೋನ್‌ನಾಗೇ ತಿನ್ಸೋದು ಅದಕ್ಕೆ?”

ಹಾಗೆಂದವರು ತಮ್ಮ ಡಬ್ಬಿಯನ್ನು ತೆರೆಯದೆ ಹಾಗೇ ಚೀಲಕ್ಕೆ ಹಾಕಿಕೊಂಡು ಕಟ್ಟೆಯ ಮೇಲಿನ ಟಬ್ಬಿನ ಹತ್ತಿರ ಹೋಗಿ ನಿಂತರು. ಅವತ್ತಿನಿಂದ ಪ್ರತಿ ಸಂಜೆ ಅವರೇ ಮಕ್ಕಾಕ್ಕೆ ಫೋನು ಮಾಡುತ್ತಿದ್ದರು. ಮಗ ಎತ್ತದಿದ್ದರೆ ವಾಯ್ಸ್ ಮೆಸೇಜ್ ಕಳಿಸುವರು. ಇವತ್ತೂ ತಿಂದಿಲ್ಲ, ಎಡಗಣ್ಣು ಒಂಚೂರು ಬಿಟ್ಟಿದೆ. ಇವತ್ತು ಇಂಜೆಕ್ಷನ್ ಆಯಿತು, ತಿಂದಿಲ್ಲ. ಇವತ್ತು ಒಳ್ಳೆ ಬಿಸಿಲಿತ್ತು, ಕಾಲು ಚಾಚಿ ಮಲಗಿತ್ತು, ತಿಂದಿಲ್ಲ. ಆ ಕಡೆಯಿಂದ ಉತ್ತರ ಬರುತ್ತಿರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ನಾನು ಅವರ ಮನೆಗೆ ಹೋಗಿದ್ದೆ. ಎರಡು ಕಣ್ಣೂ ಬಿಟ್ಟಿವೆ, ಆದರೂ ತಿನ್ನುತ್ತಿಲ್ಲ ಎಂದು ಮೇಡಂ ತಾರಸಿಯ ಮೇಲೆ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅಷ್ಟರಲ್ಲಿ ಅವರ ತಾಯಿ ಮೆಟ್ಟಿಲು ಹತ್ತಿ ಬಂದರು. ಕೆಳಗೆ ನಲ್ಲಿಯ ಪಕ್ಕದ ತೇವದ ಮಣ್ಣು ಕೆದಕಿ ಒಂದು ಎರೆಹುಳ ತಂದಿದ್ದರು. ಹೊಲದಲ್ಲಿ ಬೆಳೆದ ಕೈಗೆ ಹುಳ ಮುಟ್ಟುವುದೇನೂ ಹೇಸಿಗೆಯಲ್ಲ. ಮಗಳ ಕಡೆ ನೋಡಲೂ ಇಲ್ಲ.

“ತಿನ್ನೇ. ನನ್ ಮಗಳ ಪ್ರಾಣ ತಿನ್ನೋ ಬದ್ಲು ಇದ್ನಾದ್ರೂ ತಿನ್ನು” ಎಂದು ಬೈಯುತ್ತ ನೀರಿಗೆ ಹಾಕಿದರು.

ಹುಳ ನೀರಿನಲ್ಲಿ ನುಲಿಯಿತು. ಆಮೆ ಕತ್ತು ಆಚೆ ಹಾಕಿತು. ಕತ್ತನ್ನು ಓರೆ ಮಾಡಿ, ಕೆಂಪು ಪಟ್ಟೆಯ ಪಕ್ಕದ ಸಣ್ಣ ಕಣ್ಣಿನಿಂದ ದಿಟ್ಟಿಸಿ, ಮುಂದಕ್ಕೆ ಬಂದು ಗಬಕ್ಕನೆ ಕಚ್ಚಿತು. ಮುಂಗಾಲಿನಿಂದ ಹರಿದು ನುಂಗಿತು. ಮತ್ತೆ ಕತ್ತೆತ್ತಿ ನಮ್ಮನ್ನು ನೋಡಿತು.

ಮೇಡಂ ತಾಯಿಯ ಮಣ್ಣಿನ ಕೈಯನ್ನು ಹಿಡಿದುಕೊಂಡು ತಮ್ಮ ಕೆನ್ನೆಗೆ ಒತ್ತಿಕೊಂಡರು. ತಾಯಿ, ಥೂ, ಮಣ್ಣಾಯ್ತದೆ ಬುಡು ಎಂದರು. ಆದರೆ ಕೈ ಎಳೆದುಕೊಳ್ಳಲಿಲ್ಲ. ಅಲ್ಲಿಂದಲೇ ಮಕ್ಕಾಕ್ಕೆ ಮೆಸೇಜ್ ಹೋಯಿತು: ಇವತ್ತು ಅಮ್ಮ ಎರೆಹುಳ ಹಾಕಿದರು, ತಿಂದಿದೆ. ಅವತ್ತು ಮಧ್ಯಾಹ್ನ ನೋಡಿದರೆ ಬಾಗಿಲಲ್ಲಿದ್ದ ಚೀಲ ಇರಲಿಲ್ಲ.

ಖಾಲಾ ಹಿಂತಿರುಗಿದ ವಾರ ಅವರ ಮನೆಯ ತುಂಬ ನೆಂಟರು. ಜನ ಕಡಿಮೆಯಾಗುವುದನ್ನು ಕಾದು, ಮೇಡಂ ಟಬ್ ಹೊತ್ತುಕೊಂಡು ಗಲ್ಲಿ ದಾಟಿದರು. ನಾನೂ ಜೊತೆಗಿದ್ದೆ. ಆಮೆ ಈಗ ಕಾಲು ಬಡಿಯುತ್ತ ಟಬ್ಬಿನ ಅಂಚಿಗೆ ಹತ್ತಲು ನೋಡುತ್ತಿತ್ತು. ಖಾಲಾ ಅದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಅತ್ತರು. ಕಾಬಾದ ಮುಂದೆ ನಿಂತು ಇವನಿಗೂ ದುವಾ ಮಾಡಿದೆ ಎಂದರು. ಮಗ ಒಂದು ಪಕ್ಕ ಮುಖ ಗಂಟಿಕ್ಕಿಕೊಂಡು ನಿಂತಿದ್ದ. ಕೊನೆಗೆ ಖಾಲಾ ಕಣ್ಣೊರೆಸಿಕೊಂಡು ಕೇಳಿದರು:

“ಏನಾಗಿತ್ತು ಬೇಟಿ ಇವ್ನಿಗೆ? ನಾನ್ ಇಲ್ಲ ಅಂತ ಕೊರಗಿದ್ನಾ?”

ಹೌದು ಎನ್ನಬಹುದಾಗಿತ್ತು. ಆ ಹೌದು ಕೇಳುವುದಕ್ಕೇ ಅವರು ಸಾವಿರಾರು ಮೈಲಿ ದೂರದಿಂದ ಬಂದಂತಿತ್ತು. ಹೌದು ಅಂದುಬಿಡಿ ಎಂದು ನಾನು ಮನಸ್ಸಿನಲ್ಲೇ ಮೇಡಂಗೆ ಕೈ ಮುಗಿದೆ.

ಮೇಡಂ ಮಣೆ ಎಳೆದುಕೊಂಡು ಖಾಲಾರ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು.

“ಕೊರಗಲ್ಲ ಖಾಲಾ. ಬರೀ ಪುರಿ ತಿಂದು ಕಾಯಿಲೆ ಆಗಿತ್ತು. ಬಾಳ ದಿನದಿಂದ ಇತ್ತಂತೆ, ನೀವು ಹೋದ್ಮೇಲೆ ಕಾಣಿಸ್ಕಂತು.”

“ನನ್ ಕೈಯಿಂದಾನೇ ಆಯ್ತಾ?”

“ಹೂಂ. ನಿಮ್ಗೆ ಗೊತ್ತಿರ್ಲಿಲ್ಲ. ಗೊತ್ತಿದ್ದಿದ್ರೆ ಹಾಕ್ತಿರ್ಲಿಲ್ಲ, ಅದು ನಂಗೊತ್ತು. ಇನ್ನೇನು ಹಾಕ್ಬೇಕು ಅಂತ ನಾನು ತೋರಿಸಿಕೊಡ್ತೀನಿ.”

ಖಾಲಾ ಆಮೆಯನ್ನು ಎದೆಗೆ ಒತ್ತಿಕೊಂಡು ಎದ್ದು ಒಳಗೆ ಹೋದರು. ಪರದೆ ಇಳಿಯಿತು. ಮಗ ನಮ್ಮನ್ನು ಬಾಗಿಲವರೆಗೂ ಬಿಡಲು ಬರಲಿಲ್ಲ.

ಆಚೆ ಬಂದು, ಇಷ್ಟು ಹೇಳಲೇಬೇಕಿತ್ತಾ ಎಂದು ನಾನು ಸ್ವಲ್ಪ ಜೋರಾಗಿಯೇ ಕೇಳಿದೆ. ಕೊರಗು ಎಂದು ಹೇಳಿದ್ದರೆ ಖಾಲಾರಿಗೆ ಸಂತೋಷವಾಗುತ್ತಿತ್ತು, ನಾಳೆಯಿಂದ ಮತ್ತೆ ಪುರಿ ಹಾಕುತ್ತಿದ್ದರು ಎಂದರು ಮೇಡಂ. ಅವರ ದನಿ ಒಡೆದಿತ್ತು. ಚುಚ್ಚುವ ಮಾತು ಹೇಳುವವರಿಗೂ ಅದು ಚುಚ್ಚುತ್ತದೆ ಎಂದು ನನಗೆ ಅಂದು ಗೊತ್ತಾಯಿತು.

ಹಜ್ಜಿನಿಂದ ತಂದ ಖರ್ಜೂರ ಗಲ್ಲಿಯ ಎಲ್ಲ ಮನೆಗೂ ಹೋಯಿತು. ಇವರ ಮನೆಗೆ ಬರಲಿಲ್ಲ. ಮೇಡಂ ಮಾತ್ರ ದಿನಾ ಬಸ್ಸಿಗೆ ಹೊರಡುವ ಮುಂಚೆ ಹೆಚ್ಚಿದ ಸೊಪ್ಪು, ಕ್ಯಾರೆಟ್ ತುರಿಯನ್ನು ಒಂದು ಸ್ಟೀಲ್ ಡಬ್ಬಿಗೆ ಹಾಕಿ ಖಾಲಾರ ಹೊಸ್ತಿಲ ಮೇಲಿಟ್ಟು ಬರುತ್ತಿದ್ದರು. ಸಂಜೆ ಬರುವಷ್ಟರಲ್ಲಿ ಡಬ್ಬಿ ತೊಳೆದು ಇವರ ಕಟ್ಟೆಯ ಮೇಲೆ ಇಟ್ಟಿರುತ್ತಿದ್ದರು. ಖಾಲಿ. ಆ ಗಲ್ಲಿಯಲ್ಲಿ ಯಾರೂ ಯಾರಿಗೂ ಪಾತ್ರೆಯನ್ನು ಖಾಲಿ ವಾಪಸ್ಸು ಕೊಡುವವರಲ್ಲ, ಏನಿಲ್ಲದಿದ್ದರೂ ಒಂದು ಚಿಟಿಕೆ ಸಕ್ಕರೆ ಹಾಕಿ ಕೊಡುತ್ತಾರೆ. ತಾಯಿಗೆ ಅವಮಾನವಾಯಿತು. ಮಗಳಿಗೆ ಆಗಲಿಲ್ಲ. ಡಬ್ಬಿ ಖಾಲಿ ಬರ್ತಾ ಐತೆ, ಅಂದ್ರೆ ಅದು ತಿಂತಾ ಐತೆ ಎಂದು ನನಗೆ ಬಸ್ಸಿನಲ್ಲಿ ಹೇಳಿದರು.

ಮಳೆಗಾಲ ಕಳೆಯುತ್ತ ಬಂದಾಗ ಒಂದು ಬೆಳಿಗ್ಗೆ ಅವರು ಡಬ್ಬಿಯನ್ನು ಸ್ಟಾಫ್‌ರೂಮಿಗೆ ತಂದು, ಮುಚ್ಚಳ ತೆಗೆದು ಮೇಜಿನ ಮೇಲಿಟ್ಟರು. ತುಂಬ ಖರ್ಜೂರ. ಎಲ್ಲರಿಗೂ ಒಂದೊಂದು ಕೊಡುತ್ತ ಹಿಂದಿನ ಸಂಜೆಯ ಸಂಗತಿ ಹೇಳಿದರು. ಮನೆಯ ಮುಂದೆ ಬಂದಾಗ ಖಾಲಾ ಪರದೆ ಸರಿಸಿ ಡಬ್ಬಿ ಹಿಡಿದು ಕಾಯುತ್ತಿದ್ದರಂತೆ. ಕೈಗೆ ಕೊಟ್ಟವರು ಇವರ ಜೊತೆ ಬೇರೇನೂ ಮಾತಾಡದೆ, “ಅಮ್ಮನ್ನ ಕಳಿಸು ಬೇಟಿ, ನಂಗೆ ಹುಳ ತೆಗೆಯಾಕೆ ಬರಲ್ಲ” ಎಂದರಂತೆ.

ತಾಯಿ ಒಳಗಿನಿಂದಲೇ ಕೇಳಿಸಿಕೊಂಡಿದ್ದರು. ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೂಲೆಯಲ್ಲಿದ್ದ ಸಣ್ಣ ಗುದ್ದಲಿ ತೆಗೆದುಕೊಂಡು, ಗಲ್ಲಿ ದಾಟಿ, ಪರದೆಯನ್ನು ತಾವೇ ಎತ್ತಿ ಖಾಲಾರ ಮನೆಯೊಳಕ್ಕೆ ಹೋದರು.